ಕೊಳೆಯ ದೂತರು, ಬೇರಿನ ನಂಟರು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಅಡಿಕೆಯ ತೋಟವುಳ್ಳ ಮನೆಯವರಿಗೆ ಕೊಳೆರೋಗವೆಂದರೇನೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದು ಪುನರ್ವಸು, ಪುಷ್ಯಗಳವರೆಗೆ ಬಿಡದೆ ಸುರಿಯಿತೆಂದರೆ ಎಳೆಯ ಕಾಯಿಗಳ ತೊಟ್ಟಿನ ಬಳಿಯಲ್ಲಿ ನೀರು ಕುಡಿದಂತಹ ಕಡುಹಸುರಿನ ಕಲೆಯೊಂದು ಕಾಣುವುದು. ಕೆಲವು ದಿನಗಳಲ್ಲಿ ಕಾಯಿ ಉದುರುವುದು. ಉದುರಿದ ಕಾಯಿಯ ಮೇಲೆ ಹತ್ತಿಯಂತಹ ಬಿಳಿಯ ಬೂಷ್ಟು ಏಳುವುದು. ವರ್ಷದ ಅನ್ನ, ಮಕ್ಕಳ ಓದು, ಮದುವೆ ಮುಂಜಿಗಳ ವೆಚ್ಚ, ಎಲ್ಲವೂ ಆ ಕೊನೆಗಳಲ್ಲಿಯೇ ತೂಗುತ್ತಿರುವುದರಿಂದ, ಒಂದು ಪಕ್ಷದ ಮಳೆಯೊಳಗೆ ಕುಟುಂಬದ ಲೆಕ್ಕಾಚಾರವೇ ತಲೆಕೆಳಗಾಗುವುದುಂಟು.

ಇಂತಹ ಸಮಯದಲ್ಲಿ ಎರಡು ಪ್ರಶ್ನೆಗಳು ಯಾರ ಮನಸ್ಸಿನಲ್ಲಿಯಾದರೂ ಹುಟ್ಟುವುವು. ಮರವು ಜೀವವುಳ್ಳ ವಸ್ತು. ತನ್ನ ಮೈಯೊಳಕ್ಕೆ ಶತ್ರುವು ನುಗ್ಗುವಾಗ ಅದು ಸುಮ್ಮನಿದ್ದುದೇಕೆ? ಇದು ಮೊದಲನೆಯದು. ಕೊಳೆ ಕಾಣಿಸಿಕೊಂಡ ಮೇಲೆ ಎಷ್ಟು ಔಷಧಿ ಹೊಡೆದರೂ ಆ ಕಾಯಿಯು ಉಳಿಯಲಿಲ್ಲವೇಕೆ? ಇದು ಎರಡನೆಯದು. ಈ ಎರಡಕ್ಕೂ ಉತ್ತರ ಒಂದೇ ಕಡೆಯಲ್ಲಿದೆ. ಬೂಷ್ಟುಗಳು ಗಿಡದೊಳಕ್ಕೆ ಕಾಲಿಡುವಾಗ ತಮ್ಮ ಮೈಯಿಂದ ಸ್ರವಿಸುವ ಕೆಲವು ಅತಿ ಸೂಕ್ಷ್ಮವಾದ ಸಸಾರಜನಕಗಳ ವಿಷಯವನ್ನು ತಿಳಿದುಕೊಂಡರೆ ಆ ಉತ್ತರವು ತಾನಾಗಿ ಹೊರಬೀಳುವುದು. ಈ ತಿಂಗಳು ಅದನ್ನೇ ವಿಚಾರಿಸೋಣ.

ಬೂಷ್ಟಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಉಪ್ಪು ಸಾಲದ ಉಪ್ಪಿನಕಾಯಿಯ ಭರಣಿಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಗೃಹಿಣಿಯರೆಲ್ಲರೂ ಕಂಡಿರುವರಷ್ಟೆ. ಆ ಬೂಷ್ಟಿನ ಎಳೆಗಳು ಜೀರ್ಣರಸವನ್ನು ಹೊರಗೇ ಚೆಲ್ಲಿ, ಆಹಾರವನ್ನು ಹೊರಗೇ ಕರಗಿಸಿ, ಕರಗಿದ ಸಾರವನ್ನು ಮೈಯಿಂದ ಹೀರಿಕೊಳ್ಳುವುವು. ಆ ಜೀರ್ಣರಸದ ಮುಖ್ಯ ವಸ್ತುವೇ ಸಸಾರಜನಕ, ಅಂದರೆ ಪ್ರೋಟೀನು. ಬೇಳೆಯಲ್ಲಿಯೂ ಹಾಲಿನಲ್ಲಿಯೂ ನಮ್ಮನ್ನು ಪೋಷಿಸುವ ಸಸಾರಜನಕವು ಜೀವಕೋಶದೊಳಗೆ ಬೇರೊಂದು ರೂಪದಲ್ಲಿಯೂ ಇರುವುದು. ಕತ್ತರಿಸುವುದು, ಕೂಡಿಸುವುದು, ಸುದ್ದಿ ಒಯ್ಯುವುದು, ಕಾವಲು ನಿಲ್ಲುವುದು, ಇವೆಲ್ಲವೂ ಒಂದೊಂದು ಬಗೆಯ ಸಸಾರಜನಕದ ಕೆಲಸಗಳು. ಸತ್ತ ಎಲೆಯ ಮೇಲೆ ಬಾಳುವ ಬೂಷ್ಟಿಗೆ ಕತ್ತರಿಸುವ ಆಳುಗಳಿದ್ದರೆ ಸಾಕು. ಆದರೆ ಜೀವಂತವಾದ ಗಿಡದೊಳಗೆ ಮನೆಮಾಡಬೇಕಾದರೆ ಅಷ್ಟೇ ಸಾಲದು, ಅಲ್ಲಿ ಕಾವಲುಗಾರರಿರುವರು. ಅವರನ್ನು ವಂಚಿಸುವುದಕ್ಕಾಗಲಿ ಒಲಿಸುವುದಕ್ಕಾಗಲಿ ದೂತರು ಬೇಕು. ಈ ದೂತರಾದ ಸಸಾರಜನಕಗಳನ್ನೇ ಶಾಸ್ತ್ರಜ್ಞರು ‘ಎಫೆಕ್ಟರ್’ ಎಂದು ಕರೆಯುವರು. ನಾವು ‘ಕಾರ್ಯಸಾಧಕ’ಗಳೆನ್ನೋಣ.

ಗಿಡಕ್ಕೆ ನಮ್ಮಂತೆ ಕಣ್ಣು ಕಿವಿಗಳಿಲ್ಲದಿದ್ದರೂ ಶತ್ರುವನ್ನು ಗುರುತಿಸುವ ಉಪಾಯವುಂಟು. ಬೂಷ್ಟಿನ ಮೈಗೋಡೆಯು ‘ಕೈಟಿನ್’ ಎಂಬ ವಸ್ತುವಿನಿಂದ ಆಗಿರುವುದು; ಗದ್ದೆಯ ಏಡಿಯ ಚಿಪ್ಪಿನಲ್ಲಿರುವುದೂ ಇದೇ. ಗಿಡದ ಮೈಯಲ್ಲಿ ಎಲ್ಲಿಯೂ ಕೈಟಿನ್ ಇಲ್ಲ. ಆದುದರಿಂದ ಕೈಟಿನ್ನಿನ ಒಂದು ತುಣುಕು ತಾಕಿದರೂ ಪರರು ಬಂದರೆಂದು ಗಿಡದ ಜೀವಕೋಶವು ಅರಿಯುವುದು. ಅದರ ಹೊರಪೊರೆಯಲ್ಲಿರುವ ಕಾವಲಿನ ಸಸಾರಜನಕಗಳು ಆ ತುಣುಕನ್ನು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುವುವು. ಕೂಡಲೇ ಗೋಡೆಯು ದಪ್ಪನಾಗುವುದು, ವಿಷವಸ್ತುಗಳು ತಯಾರಾಗುವುವು, ಬೂಷ್ಟಿನ ಗೋಡೆಯನ್ನೇ ಕತ್ತರಿಸುವ ರಸವು ಹೊರಡುವುದು. ನಮ್ಮ ಸುತ್ತಲಿನ ಗಾಳಿಯಲ್ಲಿ ತೇಲುವ ಅಸಂಖ್ಯಾತ ಬೂಷ್ಟಿನ ಬೀಜಕಣಗಳಲ್ಲಿ ಬಹುಪಾಲು ಎಲ್ಲವೂ ಈ ಮೊದಲ ಕೋಟೆಯಲ್ಲಿಯೇ ಸೋತು ನಾಶವಾಗುವುವು. ಗಿಡಗಳಿಗೆ ಆರೋಗ್ಯವೇ ಸಹಜ, ರೋಗವು ಅಪರೂಪ.

ಅಪರೂಪವಾಗಿ ಗೆಲ್ಲುವ ಬೂಷ್ಟು ಹೇಗೆ ಗೆಲ್ಲುವುದು? ಇದನ್ನು ಹಾಲೆಂಡಿನ ಶಾಸ್ತ್ರಜ್ಞರು ಟೊಮೇಟೊ ಗಿಡದ ಎಲೆಬೂಷ್ಟಿನಲ್ಲಿ ಬಹು ಚೆನ್ನಾಗಿ ಬಿಡಿಸಿ ತೋರಿಸಿದರು. ಬೂಷ್ಟಿನ ಇಂತಹ ಸಸಾರಜನಕವೊಂದರ ವಂಶವಾಹಿಯು ಅವರ ಕೈಗೆ ಮೊಟ್ಟಮೊದಲು ಸಿಕ್ಕಿದುದು ೧೯೯೧ರಲ್ಲಿ. ಮುಂದೆ ಒಂದೊಂದಾಗಿ ಇತರ ದೂತರೂ ಬೆಳಕಿಗೆ ಬಂದರು. ಒಂದು ಸಸಾರಜನಕವು ಬೂಷ್ಟಿನ ಗೋಡೆಗೆ ಅಂಟಿಕೊಂಡು, ಗಿಡದ ಕತ್ತರಿಸುವ ರಸವು ತಾಕದಂತೆ ಕವಚವಾಗುವುದು. ಇನ್ನೊಂದು, ಗೋಡೆಯಿಂದ ಉದುರಿದ ಕೈಟಿನ್ ತುಣುಕುಗಳನ್ನು ಗಿಡದ ಕಾವಲುಗಾರರಿಗಿಂತ ಮುಂಚೆ ತಾನೇ ಬಾಚಿ ಹಿಡಿಯುವುದು. ಈ ಎರಡನೆಯದರ ಗುಟ್ಟು ೨೦೧೦ರಲ್ಲಿ ಹೊರಬಿದ್ದಿತು. ಕಳ್ಳನು ಹಿಂದಕ್ಕೆ ಹೆಜ್ಜೆಯಿಡುತ್ತ ತನ್ನ ಕಾಲಿನ ಗುರುತನ್ನು ತಾನೇ ಗುಡಿಸಿಕೊಂಡು ಹೋದಂತೆ ಎಂದರೆ ಇದರ ಸ್ವರೂಪವು ಗೊತ್ತಾದೀತು. ಜೋಳದ ಜಾತಿಯಾದ ಮೆಕ್ಕೆಜೋಳಕ್ಕೆ ತಗಲುವ ಕಾಡಿಗೆ ರೋಗದ ಬೂಷ್ಟಾದರೋ, ತನ್ನದೊಂದು ಸಸಾರಜನಕವನ್ನು ಗಿಡದ ಕೋಶದೊಳಕ್ಕೇ ಕಳುಹಿಸಿ, ಅಲ್ಲಿ ರಕ್ಷಣೆಯ ಕರೆಗೆ ಬೇಕಾದ ರಾಸಾಯನಿಕವು ತಯಾರಾಗದಂತೆ ಅದರ ಮೂಲದ್ರವ್ಯವನ್ನು ಬೇರೆ ದಾರಿಗೆ ತಿರುಗಿಸುವುದು.

ಗಿಡವೂ ಸುಮ್ಮನೆ ಕೂತಿಲ್ಲ. ಕೋಶದ ಒಳಗಡೆಯಲ್ಲಿ ಎರಡನೆಯ ಸಾಲಿನ ಕಾವಲುಗಾರರಿರುವರು. ಇವರು ಕೈಟಿನ್ನನ್ನು ಹುಡುಕದೆ ದೂತರನ್ನೇ ಹುಡುಕುವರು. ಗುರುತು ಸಿಕ್ಕಿದರೆ ಆ ಕೋಶವೂ ಅದರ ನೆರೆಯ ಕೆಲವು ಕೋಶಗಳೂ ತಾವೇ ಪ್ರಾಣ ಬಿಟ್ಟು, ಬೂಷ್ಟಿಗೆ ಮುಂದಿನ ದಾರಿಯಿಲ್ಲದಂತೆ ಮಾಡುವುವು. ಕೇರಿಯಲ್ಲಿ ಬೆಂಕಿ ಬಿದ್ದಾಗ ಪಕ್ಕದ ಮನೆಯ ಸೋಗೆಯ ಮಾಡನ್ನು ಕಿತ್ತೆಸೆದು ಉಳಿದ ಮನೆಗಳನ್ನು ಉಳಿಸುತ್ತಿದ್ದಂತೆ ಇದು. ಅಮೆರಿಕದ ಉತ್ತರ ಡಕೋಟದಲ್ಲಿ ಹೆರಾಲ್ಡ್ ಫ್ಲೋರ್ ಎಂಬವರು ಎಣ್ಣೆಯ ಅಗಸೆಗೆ ತಗಲುವ ತುಕ್ಕುರೋಗವನ್ನು ೧೯೪೦ರ ದಶಕದಲ್ಲಿ ಪರೀಕ್ಷಿಸಿ, ಗಿಡದ ಒಂದೊಂದು ಕಾವಲಿಗೂ ಬೂಷ್ಟಿನಲ್ಲಿ ಅದಕ್ಕೆ ಸರಿಹೊಂದುವ ಒಂದೊಂದು ಗುಣವಿದೆಯೆಂದು ಸಿದ್ಧಪಡಿಸಿದರು. ಬೀಗಕ್ಕೂ ಕೀಲಿಕೈಗೂ ಇರುವ ಸಂಬಂಧವು ಅಲ್ಲಿ ಕಂಡುಬಂದಿತು.

ನಮ್ಮ ಮಲೆನಾಡಿನ ಭತ್ತದ ಗದ್ದೆಗಳಲ್ಲಿ ಕಾಣುವ ಬೆಂಕಿರೋಗದಲ್ಲಿಯೂ ಇದೇ ಕಥೆ. ಆ ಬೂಷ್ಟಿನ ಬೀಜಕಣವು ಎಲೆಯ ಮೇಲೆ ಗುಮ್ಮಟದಂತಹ ಅಂಗವೊಂದನ್ನು ಕಟ್ಟಿ, ಅದರೊಳಗೆ ವಾಯುಮಂಡಲದ ಒತ್ತಡಕ್ಕೆ ಸುಮಾರು ೮೦ರಷ್ಟು ಒತ್ತಡವನ್ನು ತುಂಬಿಕೊಂಡು, ಎಲೆಯ ಸಿಪ್ಪೆಯನ್ನು ಬಲದಿಂದ ಚುಚ್ಚುವುದು. ಒಳಗೆ ಹೊಕ್ಕ ಮೇಲೆ ಬಲವನ್ನು ಬಿಟ್ಟು ದೂತರನ್ನು ಕಳುಹಿಸುವುದು. ಆ ದೂತನನ್ನು ಗುರುತಿಸುವ ತಳಿಯಲ್ಲಿ ರೋಗವು ಏರದು. ಆದರೆ ಬೂಷ್ಟು ಕೋಟಿಗಟ್ಟಲೆ ಬೀಜಕಣಗಳನ್ನು ಹುಟ್ಟಿಸುವುದರಿಂದ, ಅವುಗಳಲ್ಲೊಂದರ ದೂತನು ಕೊಂಚ ವೇಷ ಬದಲಾಯಿಸಿಕೊಂಡಿದ್ದರೂ ಕಾವಲು ಮೋಸಹೋಗುವುದು. ರೋಗ ಬಾರದ ತಳಿಯೆಂದು ನಾಲ್ಕು ವರ್ಷ ಹೊಗಳಿಸಿಕೊಂಡ ಭತ್ತವು ಐದನೆಯ ವರ್ಷ ಬೆಂಕಿಗೆ ತುತ್ತಾದರೆ ಅದು ಬೀಜ ಕೊಟ್ಟವರ ಮೋಸವೇ ಆಗಿರಬೇಕೆಂದಿಲ್ಲ.

ಈಗ ಅಡಿಕೆಯ ತೋಟಕ್ಕೆ ಬರೋಣ. ಕೆಲವು ವರ್ಷಗಳಿಂದ ಈ ಮೂರು ತಾಲ್ಲೂಕುಗಳನ್ನೂ ಕಾಡುತ್ತಿರುವ, ೨೦೨೨ರ ಸುಮಾರಿಗೆ ತೋಟದಿಂದ ತೋಟಕ್ಕೆ ವ್ಯಾಪಿಸಿ ಜನರನ್ನು ಕಂಗೆಡಿಸಿದ ಎಲೆಚುಕ್ಕಿ ರೋಗಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿರುವುದು ‘ಕೊಲೆಟೋಟ್ರೈಕಮ್’ ಎಂಬ ಕುಲದ ಬೂಷ್ಟು. ಈ ಕುಲದವುಗಳ ನಡತೆಯು ವಿಚಿತ್ರವಾದುದು. ಮೊದಲು ಇವು ಕೋಶವನ್ನು ಕೊಲ್ಲದೆ, ಸದ್ದಿಲ್ಲದ ಅತಿಥಿಯಂತೆ ಒಳಗಿರುವುವು; ಆಗ ಹೊರಡುವ ದೂತರು ಕಾವಲನ್ನು ಮಲಗಿಸುವಂಥವರು. ಆಮೇಲೆ ಒಂದು ಗಳಿಗೆಯಲ್ಲಿ ಬಣ್ಣ ಬದಲಾಗುವುದು. ಕೋಶಗಳನ್ನು ಕೊಲ್ಲುವ ಸಸಾರಜನಕಗಳೂ ಗೋಡೆ ಕರಗಿಸುವ ರಸಗಳೂ ಹೊರಟು, ಸತ್ತ ಭಾಗವೇ ಆಹಾರವಾಗುವುದು. ಹಳದಿಯ ಅಂಚುಳ್ಳ ಕಂದು ಚುಕ್ಕಿಯು ನಮ್ಮ ಕಣ್ಣಿಗೆ ಬೀಳುವುದು ಈ ಎರಡನೆಯ ಅವಸ್ಥೆಯಲ್ಲಿ. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಸೋಗೆಯೇ ಒಣಗಿದರೆ, ಮರಕ್ಕೆ ಅಡಿಗೆ ಮಾಡಿಕೊಡುವ ಎಲೆಗಳೇ ಇಲ್ಲವಾಗಿ ಮುಂದಿನ ವರ್ಷಗಳ ಫಸಲೂ ಇಳಿಯುವುದು.

ಕೊಳೆರೋಗದ ಕರ್ತೃವಾದ ‘ಫೈಟಾಫ್ತೊರ’ವನ್ನು ಬಹುಕಾಲ ಬೂಷ್ಟುಗಳ ಪಂಕ್ತಿಯಲ್ಲಿಯೇ ಕೂಡಿಸಿದ್ದರು. ಈಗ ಅದನ್ನು ಬೇರೊಂದು ವಂಶವೆಂದು ಎಣಿಸುವರು. ಅದರ ಗೋಡೆಯಲ್ಲಿ ಕೈಟಿನ್ ಮುಖ್ಯವಲ್ಲ, ಮತ್ತು ಅದು ನೀರಿನಲ್ಲಿ ಈಜುವ ಜೀವಿಗಳ ನಂಟು. ೧೮೪೫ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ಕೊಳೆಯಿಸಿ ಘೋರ ಕ್ಷಾಮಕ್ಕೆ ಕಾರಣವಾದುದು ಇದರ ಸೋದರ ಜಾತಿ. ಮಳೆಯ ಹನಿಯಲ್ಲಿ ಇದರ ಮರಿಗಳು ಎರಡೆರಡು ಬಾಲಗಳನ್ನು ಬಡಿಯುತ್ತ ಈಜಿ ಕಾಯಿಯನ್ನು ಸೇರುವುವು. ಕೆಲವು ಗಂಟೆಗಳಲ್ಲಿ ಬಾಲ ಬಿಟ್ಟು, ಮೊಳೆತು, ಸಿಪ್ಪೆಯನ್ನು ತೂರುವುವು. ಆಗುಂಬೆ, ಹುಲಿಕಲ್ಲುಗಳಂತಹ ಮಳೆಯ ನಾಡಿನಲ್ಲಿ ಅವಕ್ಕೆ ಈಜುವ ಕೊಳ ಯಾವ ಕಾಯಿಯ ಮೇಲೂ ಸಿದ್ಧವಾಗಿಯೇ ಇರುವುದು. ಈ ವಂಶದ ಅನೇಕ ದೂತರ ತಲೆಯ ಬಳಿಯಲ್ಲಿ ಲಕೋಟೆಯ ಮೇಲಿನ ವಿಳಾಸದಂತೆ ಒಂದೇ ಬಗೆಯ ಗುರುತಿರುವುದೆಂದು ಕಂಡುಬಂದಿದೆ. ೨೦೦೯ರಲ್ಲಿ ಆಲೂಗಡ್ಡೆಯ ಕೊಳೆಜೀವಿಯ ವಂಶವಾಹಿಗಳನ್ನೆಲ್ಲ ಓದಿ ಮುಗಿಸಿದಾಗ ಇಂತಹ ವಿಳಾಸವುಳ್ಳವು ೫೦೦ಕ್ಕೂ ಮೇಲ್ಪಟ್ಟು ಇದ್ದುವು! ಒಬ್ಬ ದೂತನು ಸಿಕ್ಕಿಬಿದ್ದರೆ ಇನ್ನೊಬ್ಬನನ್ನು ಕಳುಹಿಸುವಷ್ಟು ಬಳಗವು ಅದಕ್ಕುಂಟು. ಕೊಳೆಯನ್ನು ಪೂರ್ಣವಾಗಿ ತಡೆದು ನಿಲ್ಲುವ ಅಡಿಕೆಯ ತಳಿ ನಮ್ಮ ತೋಟಗಳಿಗೆ ಇನ್ನೂ ಬಾರದಿರುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟನ್ನು ಓದಿದವರು ಬೂಷ್ಟಿನ ಜಾತಿಯೇ ದುಷ್ಟವೆಂದು ತೀರ್ಮಾನಿಸಬಾರದು. ಅದೇ ಅಡಿಕೆಯ ಮರದ ಬುಡದಲ್ಲಿ, ಅದೇ ಮಣ್ಣಿನೊಳಗೆ, ಮರಕ್ಕೆ ಹಿತವನ್ನೇ ಮಾಡುವ ಬೂಷ್ಟುಗಳಿವೆ. ಅಡಿಕೆ, ಮೆಣಸು, ಏಲಕ್ಕಿಗಳ ನವುರಾದ ಬೇರುಗಳೊಳಕ್ಕೆ ಇವು ಹೊಕ್ಕು, ಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದು ನಿಲ್ಲುವುವು. ಹೊರಗೆ ಬೇರು ಮುಟ್ಟಲಾರದ ಎಡೆಗಳಿಗೂ ಎಳೆಗಳನ್ನು ಚಾಚಿ ರಂಜಕವನ್ನು ತಂದುಕೊಡುವುವು. ಪ್ರತಿಯಾಗಿ ಮರದಿಂದ ಸಕ್ಕರೆಯನ್ನೂ ಕೊಬ್ಬನ್ನೂ ಪಡೆಯುವುವು. ನೆಲದ ಮೇಲಣ ಸಸ್ಯಜಾತಿಗಳಲ್ಲಿ ಬಹುಪಾಲು ಈ ನಂಟನ್ನು ಇಟ್ಟುಕೊಂಡಿವೆ. ೪೦ ಕೋಟಿ ವರ್ಷಗಳ ಹಿಂದಿನ ಕಲ್ಲಾದ ಗಿಡಗಳಲ್ಲಿಯೂ ಇದರ ಕುರುಹು ಸಿಕ್ಕಿದೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ದೀರ್ಘಕಾಲ ಈ ಬೇರುಬೂಷ್ಟುಗಳ ಪ್ರಯೋಜನವನ್ನು ಬೆಳೆಗಳಲ್ಲಿ ಪರೀಕ್ಷಿಸಿ ಹೆಸರು ಪಡೆದವರು.

ಮುಖ್ಯವಾದ ಸಂಗತಿಯೇನೆಂದರೆ, ಈ ನಂಟನೂ ಬಾಗಿಲಿಗೆ ಬರುವಾಗ ದೂತರೊಡನೆಯೇ ಬರುವನು. ಅವನ ಗೋಡೆಯೂ ಕೈಟಿನ್ನಿನದೇ. ಕಾವಲು ಎಚ್ಚರಗೊಂಡರೆ ಅವನಿಗೂ ಪ್ರವೇಶವಿಲ್ಲ. ೨೦೧೧ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ಬೇರುಬೂಷ್ಟು ಸ್ರವಿಸುವ ಒಂದು ಸಸಾರಜನಕವು ಗಿಡದ ಕೋಶವನ್ನು ಹೊಕ್ಕು, ಅದರ ಕೇಂದ್ರಕ್ಕೇ ಹೋಗಿ, ಅಲ್ಲಿ ರಕ್ಷಣೆಯ ಆಜ್ಞೆಗಳನ್ನು ಹೊರಡಿಸುವ ಅಧಿಕಾರಿಯೊಬ್ಬನನ್ನು ಹಿಡಿದು ಸುಮ್ಮನಾಗಿಸುವುದೆಂದು ತಿಳಿದುಬಂದಿತು. ಕೈಟಿನ್ ತುಣುಕುಗಳನ್ನು ಬಾಚಿ ಮರೆಸುವ ಬಗೆಯ ಸಸಾರಜನಕವೂ ಬೇರುಬೂಷ್ಟಿನಲ್ಲಿ ದೊರೆತಿದೆ. ಕಳ್ಳನ ಕೈಯಲ್ಲಿರುವ ಕೀಲಿಕೈಯೇ ನಂಟನ ಕೈಯಲ್ಲಿಯೂ ಇದೆಯೆಂದಾಯಿತು!

ಹಾಗಾದರೆ ಭೇದವೆಲ್ಲಿ? ಮೊದಲನೆಯದಾಗಿ, ನಂಟನನ್ನು ಮರವೇ ಕರೆಯುವುದು. ಮಣ್ಣಿನಲ್ಲಿ ರಂಜಕವು ಸಾಲದೆ ಬಂದಾಗ ಬೇರು ಒಂದು ಬಗೆಯ ರಸವನ್ನು ಹೊರಗೆ ಬಿಡುವುದು. ಅದರ ಸುಳಿವಿನಿಂದ ಬೇರುಬೂಷ್ಟಿನ ಎಳೆಗಳು ಕವಲೊಡೆದು ಬೇರಿನತ್ತ ಬೆಳೆಯುವುವು. ಎರಡನೆಯದಾಗಿ, ಒಳಗೆ ಬಂದ ಮೇಲೂ ಕೊಡುಕೊಳ್ಳುವಿಕೆಯ ಲೆಕ್ಕವು ನಡೆಯುತ್ತಲೇ ಇರುವುದು. ರಂಜಕವನ್ನು ತಂದುಕೊಡದ ಎಳೆಯನ್ನು ಕೋಶವು ಬೇಗನೆ ಕರಗಿಸಿಬಿಡುವುದು. ಕೊಳೆಯವನಾದರೋ ಕರೆಯದೆ ಬರುವನು, ಕೊಡದೆ ಒಯ್ಯುವನು, ಕೊನೆಗೆ ಮನೆಯನ್ನೇ ಕೆಡವುವನು. ಬಾಗಿಲು ತೆರೆಸಿದ ರೀತಿಯಿಂದ ಇಬ್ಬರನ್ನೂ ಗುರುತಿಸಲಾಗದು. ಒಳಗೆ ಬಂದ ಮೇಲಿನ ನಡತೆಯಿಂದ ಗುರುತಿಸಬೇಕು.

ಈಗ ಮೊದಲು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಬಹುದು. ಮರವು ಸುಮ್ಮನಿದ್ದುದಲ್ಲ, ಅದನ್ನು ಸುಮ್ಮನಾಗಿಸಿದರು. ಕಲೆಯು ನಮ್ಮ ಕಣ್ಣಿಗೆ ಬೀಳುವ ವೇಳೆಗೆ ದೂತರ ಕೆಲಸ ಮುಗಿದು ದಿನಗಳಾಗಿರುವುವು, ಶತ್ರುವು ಸಿಪ್ಪೆಯ ಒಳಗಿರುವನು. ನಾವು ಹೊಡೆಯುವ ಬೋರ್ಡೋ ದ್ರಾವಣವು ಸಿಪ್ಪೆಯ ಹೊರಗೆ ಮಾತ್ರ ಕಾವಲು ನಿಲ್ಲಬಲ್ಲುದು. ಅದರ ತಾಮ್ರವು ಈಜಿ ಬಂದ ಮರಿಯನ್ನೂ ಮೊಳೆಯುವ ಬೀಜಕಣವನ್ನೂ ಕೊಲ್ಲುವುದು. ಒಳಗೆ ಹೊಕ್ಕವನನ್ನು ಮುಟ್ಟಲಾರದು. ಆದುದರಿಂದ ದೂತರು ಹೊರಡುವುದಕ್ಕೆ ಮುಂಚೆಯೇ ಔಷಧಿಯು ಕೊನೆಯ ಮೇಲಿರಬೇಕು.

ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗಾಗಿ ಮಿಲಾರ್ಡೆ ಎಂಬವರು ೧೮೮೫ರಲ್ಲಿ ಪ್ರಕಟಿಸಿದ ಈ ಔಷಧಿಯನ್ನು ನಮ್ಮ ಮಲೆನಾಡಿನ ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯವರು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ೧೯೦೮ರಲ್ಲಿ ಸಂಸ್ಥಾನದ ಸೇವೆಗೆ ಬಂದು, ಕೊಳೆರೋಗವನ್ನು ಪರೀಕ್ಷಿಸಿ, ೧೯೧೦ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮುಂದೆ ಅವರೇ ಇಲಾಖೆಯ ಮುಖ್ಯಾಧಿಕಾರಿಗಳಾದರು. ಅದಕ್ಕೂ ಮುಂಚೆ ನಮ್ಮ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಸಸಾರಜನಕದ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ಒದ್ದೆಯಾಗದ ಕಾಯಿಗೆ ಕೊಳೆ ಬಾರದೆಂಬುದನ್ನು ಬಲ್ಲವರಾಗಿದ್ದರು.

ಮನೆಯವರು ನೆನಪಿಡಬೇಕಾದ ಅಂಶಗಳು ಇವು. ಶೇಕಡ ಒಂದರ ದ್ರಾವಣಕ್ಕೆ ಮೈಲುತುತ್ತ ೧ ಕಿಲೋ, ಸುಟ್ಟ ಸುಣ್ಣ ೧ ಕಿಲೋ, ನೀರು ಒಟ್ಟು ೧೦೦ ಲೀಟರು. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮೊದಲನೆಯ ಸರದಿ ಮುಂಗಾರು ಬಲಿಯುವುದಕ್ಕೆ ಮುಂಚೆಯೇ ಆಗಬೇಕು. ಎರಡನೆಯದು ಅಲ್ಲಿಂದ ೪೦ ರಿಂದ ೪೫ ದಿನಗಳಿಗೆ, ಮಳೆಯ ಹೊಳವು ನೋಡಿಕೊಂಡು. ಉದುರಿದ ಕೊಳೆಕಾಯಿಗಳನ್ನೂ ಚುಕ್ಕಿ ಹತ್ತಿ ಒಣಗಿದ ಸೋಗೆಗಳನ್ನೂ ಮರದ ಬುಡದಲ್ಲಿ ಬಿಡದೆ ತೋಟದಿಂದಾಚೆಗೆ ಸಾಗಿಸಿ ನಾಶಮಾಡಬೇಕು. ಮುಂದಿನ ಹನಿಯಲ್ಲಿ ಈಜುವ ಮರಿಗಳೂ ಗಾಳಿಗೆ ಹಾರುವ ಕಣಗಳೂ ಅಲ್ಲಿಂದಲೇ ಏಳುವುವು. ಬಸಿಗಾಲುವೆಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ನೆರೆಯವನ ತೋಟವು ಕೊಳೆಯುತ್ತಿದ್ದರೆ ನಮ್ಮ ತೋಟದ ಔಷಧಿಯು ಅರ್ಧ ವ್ಯರ್ಥವಾಗುವುದರಿಂದ, ಊರವರು ಒಟ್ಟಾಗಿ ಒಂದೇ ವಾರದಲ್ಲಿ ಈ ಕೆಲಸವನ್ನು ನಡೆಸಿದರೆ ಲೇಸು.

ಬೇರಿನ ನಂಟನಿಗಾಗಿ ಮಾಡಬೇಕಾದುದು ಇದಕ್ಕಿಂತ ಸುಲಭ. ರಂಜಕದ ಗೊಬ್ಬರವನ್ನು ಮಣ್ಣು ಪರೀಕ್ಷಿಸದೆ ಅಳತೆ ಮೀರಿ ಸುರಿದರೆ ಮರವು ಕರೆಯುವುದನ್ನೇ ನಿಲ್ಲಿಸುವುದು. ಕರೆಯಿಲ್ಲದ ಮನೆಗೆ ನಂಟನು ಬಾರನು. ಸೊಪ್ಪಿನಬೆಟ್ಟದಿಂದ ತಂದ ಸೊಪ್ಪನ್ನೂ ಕೊಟ್ಟಿಗೆಯ ಗೊಬ್ಬರವನ್ನೂ ಬುಡಕ್ಕೆ ಹಾಸುವ ಹಿರಿಯರ ಪದ್ಧತಿಯನ್ನು ಬಿಡದಿರುವುದು, ಬುಡವನ್ನು ಆಳವಾಗಿ ಕೆದಕಿ ಎಳೆಬೇರುಗಳನ್ನು ಕಡಿಯದಿರುವುದು, ಇವು ಅವನಿಗೆ ಸಲ್ಲುವ ಉಪಚಾರ.

ಮಕ್ಕಳಿಗೆ ಈ ವಿಷಯವನ್ನು ತೋರಿಸಬೇಕೆನ್ನುವವರು ಮಳೆಗಾಲದಲ್ಲಿ ಕಲೆ ಬಿದ್ದು ಈಗತಾನೆ ಉದುರಿದ ಕಾಯೊಂದನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಗಾಜಿನ ಲೋಟವೊಂದನ್ನು ಬೋರಲು ಹಾಕಿ ಎರಡು ಮೂರು ದಿನ ಬಿಡಲಿ. ಬಿಳಿಯ ಎಳೆಗಳು ತೊಟ್ಟಿನಿಂದ ಹೊರಟು ಕಾಯಿಯನ್ನೆಲ್ಲ ಮುಚ್ಚುವುದು ಬರಿಗಣ್ಣಿಗೇ ಕಾಣುವುದು. ನೋಡಿಯಾದ ಮೇಲೆ ಅದನ್ನು ಒಲೆಗೆ ಹಾಕಿ ಕೈ ತೊಳೆದುಕೊಳ್ಳಬೇಕು; ತೋಟದ ಕಡೆಗೆ ಮಾತ್ರ ಎಸೆಯಬಾರದು.